ಪತ್ರ ಬೇರೆ ಅಕ್ಷರದಲ್ಲಿರಲಿ

ಇಪ್ಪತ್ತೇಳು ಪ್ರೇಮ ಕಾದಂಬರಿಗಳನ್ನು ಬರೆದ ಹೆಂಗಸಿಗೆ ಮನೆಯಲ್ಲಿ ಒಂದು ಮೇಜಾದರೂ ಇರುತ್ತದೆ ಎಂದು ಯಾರಾದರೂ ಭಾವಿಸಿದ್ದರೆ ಅದು ಅವರ ಒಳ್ಳೆಯತನ. ಮನೆಯಲ್ಲಿ ಮೇಜು ಒಂದಿತ್ತು, ನಿಜ. ಅದರ ಅರ್ಧವನ್ನು ಅತ್ತೆಯ ಮಾತ್ರೆ ಡಬ್ಬಿಗಳೂ ರೇಡಿಯೋವೂ ಹಿಡಿದುಕೊಂಡಿದ್ದವು. ಉಳಿದರ್ಧ ಗಂಡನ ನಟ್ಟು, ಬೋಲ್ಟು, ಗ್ರೀಸ್ ಡಬ್ಬಿಗಳ ವಶದಲ್ಲಿತ್ತು. ಸಾಹಿತ್ಯಕ್ಕೆ ಸಿಕ್ಕಿದ್ದು ಅಡುಗೆಮನೆಯ ಮೂಲೆಯಲ್ಲಿದ್ದ ಬಟ್ಟೆ ಒಗೆಯುವ ಮಷೀನಿನ ನೆತ್ತಿ. ಅದರ ಮೇಲೊಂದು ಹಲಗೆ, ಮುಂದೊಂದು ಎತ್ತರದ ಸ್ಟೂಲು. ಇಪ್ಪತ್ತೆರಡು ವರ್ಷಗಳಿಂದ ಪ್ರೇಮದ ಸಿಂಹಾಸನ ಅದೇ. ನಡುವೆ ಒಂದು ಮಷೀನು ಸತ್ತು ಇನ್ನೊಂದು ಬಂದಿತ್ತು, ಸಿಂಹಾಸನ ಮಾತ್ರ ಕದಲಿರಲಿಲ್ಲ.

ಬರವಣಿಗೆಯ ಕ್ರಮವನ್ನೂ ಮಷೀನೇ ನಿರ್ಧರಿಸುತ್ತಿತ್ತು. ಬಟ್ಟೆ ನೆನೆಯುವಾಗ ಪ್ರಕೃತಿ ವರ್ಣನೆ. ಒಗೆಯುವಾಗ ಸಂಭಾಷಣೆ. ಜಾಲಿಸುವಾಗ ತಪ್ಪು ತಿಳಿವಳಿಕೆ, ಕಣ್ಣೀರು. ಕೊನೆಗೆ ಹಿಂಡುವ ಹೊತ್ತಿಗೆ ಮಷೀನು ಗಡಗಡ ನಡುಗುತ್ತ ನೆಲದ ಮೇಲೆ ನಡೆಯಲು ಶುರು ಮಾಡುತ್ತಿತ್ತು. ಆಗ ಸ್ಟೂಲನ್ನೂ ಜೊತೆಗೆ ಎಳೆದುಕೊಂಡು ಅವಳು ಪ್ರಣಯ ಬರೆಯುತ್ತಿದ್ದಳು. ಅಂಥ ಸನ್ನಿವೇಶಗಳಲ್ಲೆಲ್ಲ ಅಕ್ಷರ ನಡುಗಿರುತ್ತಿತ್ತು. ಲೇಖಕಿ ಭಾವಾವೇಶದಲ್ಲಿ ಬರೆಯುತ್ತಾರೆ ಎಂದು ವಾರಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ನಂಬಿದ್ದರು. ಆ ನಂಬಿಕೆ ಕೆಡಿಸುವಷ್ಟು ಕೆಟ್ಟವಳಲ್ಲ ಅವಳು.

ಕಚೇರಿಯಲ್ಲಿ ಅವಳಿಗೆ ನಿಟ್ಟುಸಿರಮ್ಮ ಎಂದು ಹೆಸರಿತ್ತು. ಸಂಪಾದಕರು ಒಂದು ಬೇಸರದ ಮಧ್ಯಾಹ್ನ ಕೆಂಪು ಪೆನ್ನು ಹಿಡಿದು ಅವಳ ಒಂದು ಅಧ್ಯಾಯದಲ್ಲಿ ಎಷ್ಟು ನಿಟ್ಟುಸಿರುಗಳಿವೆ ಎಂದು ಎಣಿಸಿದ್ದರು. ಹದಿನಾಲ್ಕು. ನಾಯಕಿಯವು ಎಂಟು, ನಾಯಕನವು ನಾಲ್ಕು, ಸಂಜೆಯ ಗಾಳಿಯದು ಒಂದು, ಕುದುರೆಯದು ಒಂದು. ಈ ಲೆಕ್ಕ ಅವಳ ಕಿವಿಗೂ ಬಿತ್ತು. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ತಾನೇ ಮನೆಯಲ್ಲಿ ಎಲ್ಲರ ಮುಂದೆ ಹೇಳಿಕೊಂಡು ನಕ್ಕಳು. ಕುದುರೆಯ ನಿಟ್ಟುಸಿರನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕುದುರೆಗೂ ಮನಸ್ಸಿರುತ್ತದೆ ಎಂದು ವಾದಿಸಿದಳು.

ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಓದುಗರು ಕೇಳಿದಾಗ ಅವಳು ಆಕಾಶದ ಕಡೆ ನೋಡುತ್ತಿದ್ದಳು. ನಿಜವಾಗಿ ಅದು ಹಲ್ಲಿನ ಡಾಕ್ಟರ ಹತ್ತಿರದಿಂದ ಬಂದಿತ್ತು. ‘ಅವನ ಬೆರಳುಗಳು ಅವಳ ಗಲ್ಲವನ್ನು ಮೃದುವಾಗಿ ಎತ್ತಿದವು, ಅವಳಿಗೆ ಮಾತೇ ಹೊರಡಲಿಲ್ಲ’ ಎಂಬ ಪ್ರಸಿದ್ಧ ಸಾಲು ದವಡೆ ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡ ದಿನದ್ದು. ಎದುರುಮನೆಯ ನಾಯಿಗೆ ಸೂಜಿ ಹಾಕಲು ಬರುತ್ತಿದ್ದ ಪಶುವೈದ್ಯ ಮೂರು ಕಾದಂಬರಿಗಳ ನಾಯಕನಾದ. ಒಂದರಲ್ಲಿ ನೌಕಾಪಡೆಯ ಅಧಿಕಾರಿ, ಒಂದರಲ್ಲಿ ವಿಧುರ, ಮತ್ತೊಂದರಲ್ಲಿ ಕುರುಡ. ಪಾಪ, ಅವನಿಗೆ ಗೊತ್ತೇ ಇಲ್ಲ. ಚಪ್ಪಲಿ ಅಂಗಡಿಯಲ್ಲಿ ಕಾಲಬುಡದಲ್ಲಿ ಕೂತು ಅಳತೆ ತೆಗೆದ ನಡುವಯಸ್ಸಿನ ಮಾಲೀಕನನ್ನೂ ಅವಳು ಬಿಡಲಿಲ್ಲ.

ಈ ಇಪ್ಪತ್ತೇಳು ನಾಯಕರ ಸಾಲಿನಲ್ಲಿ ಎಂದೂ ನಿಲ್ಲದ ಗಂಡಸು ಒಬ್ಬನೇ. ಅವಳ ಗಂಡ.

ನಿಲ್ಲಿಸಲು ಏನೂ ಇರಲಿಲ್ಲ. ಕುಳ್ಳು, ನೆತ್ತಿ ಬೋಳು, ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಊರಿನ ಲಿಫ್ಟುಗಳನ್ನು ರಿಪೇರಿ ಮಾಡುವ ಕೆಲಸ. ಮಾತು ಕಡಿಮೆ, ಆಡಿದರೂ ಅದು ಕೇಬಲ್ಲಿನದೋ ಬ್ರೇಕಿನದೋ. ಮದುವೆಗೆ ಮುಂಚೆ ಅವನು ಅವಳಿಗೆ ಬರೆದದ್ದು ಒಂದೇ ಒಂದು ಪತ್ರ. ಅದು ಅವಳಿಗೆ ಬಾಯಿಪಾಠವಾಗಿತ್ತು, ಬೇಜಾರಿಗೆ. ‘ನೀವು ಬರುವ ಬಸ್ಸು ಹನ್ನೊಂದಕ್ಕೆ. ಸಾಮಾನ್ಯವಾಗಿ ತಡವಾಗುತ್ತದೆ, ಒಮ್ಮೊಮ್ಮೆ ಬೇಗ ಬರುವುದೂ ಉಂಟು. ನಾನು ಹತ್ತಕ್ಕೇ ಬಂದು ನಿಂತಿರುತ್ತೇನೆ. ಮಳೆ ಬರುವ ಹಾಗಿದೆ. ಕೊಡೆ ಎರಡು ತರುತ್ತೇನೆ.’

ಎರಡು ಕೊಡೆ! ಒಂದೇ ಕೊಡೆಯಡಿ ಇಬ್ಬರು ನಡೆಯುವುದು ಪ್ರೇಮದ ಮೊದಲ ಪಾಠ ಎಂದು ತಿಳಿಯದ ಮನುಷ್ಯನ ಜೊತೆ ಜೀವಮಾನವಿಡೀ ಬಾಳಬೇಕಲ್ಲ ಎಂದು ಅವಳು ಆವತ್ತೇ ಹಣೆ ಚಚ್ಚಿಕೊಂಡಿದ್ದಳು. ಆ ಹಾಳೆಯ ಹಿಂಬದಿ ಖಾಲಿಯಿತ್ತು. ಸಿಟ್ಟಿನಲ್ಲಿ ಅದರ ಮೇಲೆಯೇ ಒಂದು ಕಥೆ ಬರೆದಳು. ಒಂದೇ ಕೊಡೆಯ ಕಥೆ. ಅದೇ ಅವಳ ಮೊದಲ ಕಥೆ. ಅಂದಿನಿಂದ ಗಂಡನ ಬರಹದ ಹಿಂಬದಿಯಲ್ಲಿ ಬರೆಯುವುದು ಅವಳಿಗೆ ರೂಢಿಯಾಗಿಹೋಯಿತು. ಅವನು ದಿನಾ ಪ್ರತಿ ಲಿಫ್ಟಿನ ಸ್ಥಿತಿಗತಿಯನ್ನು ಮೊದಲು ಬಿಳಿ ಹಾಳೆಯಲ್ಲಿ ಕಚ್ಚಾ ಬರೆದುಕೊಂಡು, ಆಮೇಲೆ ಕಂಪನಿಯ ಪುಸ್ತಕಕ್ಕೆ ನಕಲು ಮಾಡುತ್ತಿದ್ದ. ಕಚ್ಚಾ ಹಾಳೆಗಳು ಮನೆಗೆ ಬರುತ್ತಿದ್ದವು. ಅವನದು ಮುದ್ದಾದ ದುಂಡು ಅಕ್ಷರ. ಅವಳು ಆ ಕಡೆ ಕಣ್ಣು ಹಾಯಿಸುತ್ತಲೂ ಇರಲಿಲ್ಲ. ಹಾಳೆ ಮಗುಚಿ, ಬೆಳದಿಂಗಳಿನಿಂದ ಶುರು ಹಚ್ಚುತ್ತಿದ್ದಳು.

ಬರೆದದ್ದನ್ನು ಸಂಜೆ ನಾಲ್ಕಕ್ಕೆ ಚಹಾದ ಜೊತೆ ಅತ್ತೆಗೆ ಓದಿ ಹೇಳಬೇಕು. ಅತ್ತೆಗೆ ಎಂಬತ್ತಮೂರು, ಕಿವಿ ಮಂದ. ಆದ್ದರಿಂದ ‘ನಿನ್ನ ತುಟಿಗಳ ಕಂಪನ ನನ್ನನ್ನು ಕರೆಯುತ್ತಿದೆ’ ಎಂಬಂಥ ಮಾತುಗಳನ್ನೂ ಬಸ್‌ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗುವವರ ಗಂಟಲಿನಲ್ಲಿ ಕೂಗಬೇಕಾಗುತ್ತಿತ್ತು. ಎದುರುಮನೆಯವರು ಆ ಹೊತ್ತಿಗೆ ಸರಿಯಾಗಿ ಕಿಟಕಿ ಮುಚ್ಚುತ್ತಿದ್ದರು. ಅತ್ತೆ ಎಲ್ಲವನ್ನೂ ಗಂಭೀರವಾಗಿ ಕೇಳಿ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು. “ಅಲ್ಲ ಕಣೇ, ಇವನಿಗೆ ಕೆಲಸ ಇಲ್ವಾ?”

ಕೆಲಸ ಇರಲಿಲ್ಲ. ಅವಳ ನಾಯಕರಿಗೆ ಅಗಲವಾದ ಎದೆ, ಕಪ್ಪು ಕಾರು, ನೋವಿನ ನೆನಪು ಎಲ್ಲ ಇರುತ್ತಿತ್ತು. ಕೆಲಸಕ್ಕೆ ಹೋದರೆ ಪ್ರೀತಿಸುವುದು ಯಾವಾಗ?

ಇಷ್ಟೆಲ್ಲ ವೈಭವಕ್ಕೆ ಕುತ್ತು ಬಂದದ್ದು ಇಪ್ಪತ್ತೆಂಟನೆಯ ಕಾದಂಬರಿ ಧಾರಾವಾಹಿಯಾಗಿ ಬರುತ್ತಿದ್ದಾಗ. ನಾಯಕಿ ಗ್ರಂಥಾಲಯದಲ್ಲಿ ಕೆಲಸ ಮಾಡುವ, ನಲವತ್ತು ದಾಟಿದ ಹೆಂಗಸು. ಒಮ್ಮೆ ಮೋಸಹೋಗಿ ಮನಸ್ಸಿನ ಬಾಗಿಲು ಮುಚ್ಚಿಕೊಂಡವಳು. ನಾಯಕ ಎಂದಿನಂತೆ ಕಾರು, ಎದೆ. ಹದಿನೇಳು ಅಧ್ಯಾಯಗಳಾದವು. ಓದುಗರಿಂದ ಬಂದ ಪತ್ರಗಳು ಎರಡು. ಅದರಲ್ಲಿ ಒಂದು ಅತ್ತೆ ಹೇಳಿ ಬರೆಸಿದ್ದು, ಅದೂ ನಾಯಕನ ನೌಕರಿ ವಿಚಾರ.

ಸಂಪಾದಕರು ಅವಳನ್ನು ಕಚೇರಿಗೆ ಕರೆಸಿದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವ ಮುಂಚೆ ಕನ್ನಡಕ ಒರೆಸುತ್ತಾರೆ. ಆವತ್ತು ಎರಡು ಸಲ ಒರೆಸಿದರು. ಮೂವತ್ತೊಂದನೆಯ ಪುಟ ಇಪ್ಪತ್ತೆರಡು ವರ್ಷಗಳಿಂದ ಅವಳದು. ಈಗ ಆ ಪುಟಕ್ಕೆ ಕುಂಡದಲ್ಲಿ ಗಿಡ ಬೆಳೆಸುವ ಬಗ್ಗೆ ಒಂದು ಅಂಕಣ ಬೇಕೆಂದು ಓದುಗರು ಕೇಳುತ್ತಿದ್ದಾರಂತೆ. ಹದಿನೆಂಟನೆಯ ಅಧ್ಯಾಯದಲ್ಲಿ ನಾಯಕ ನಾಯಕಿಗೆ ಬರೆಯುವ ಪ್ರೇಮಪತ್ರ ಬರಲಿದೆಯಲ್ಲ, ಅದು ಓದುಗರನ್ನು ಹಿಡಿದು ಅಲ್ಲಾಡಿಸಬೇಕು. ಇಲ್ಲವಾದರೆ ಇಪ್ಪತ್ತೊಂದನೆಯ ಅಧ್ಯಾಯಕ್ಕೆ ಕಾದಂಬರಿ ಮುಗಿದೊಡನೆ ಗಿಡಗಳಿಗೆ ಜಾಗ ಬಿಡುವುದು.

“ಬೇಜಾರು ಮಾಡ್ಕೋಬೇಡಿ ಮೇಡಂ,” ಎಂದರು. “ನಿಮ್ಮ ನಾಯಕ ಮಾತಾಡ್ತಾನೆ, ಆದ್ರೆ ಕೇಳಿಸಲ್ಲ.”

ಮನೆಗೆ ಬರುವ ದಾರಿಯಲ್ಲಿ ಅವಳ ಕಣ್ಣಿಗೆ ಬಿದ್ದದ್ದೆಲ್ಲ ಕುಂಡಗಳು. ಮೂವತ್ತೊಂದನೆಯ ಪುಟ ಹೋದರೆ ತಾನು ಯಾರು? ಬಟ್ಟೆ ಒಗೆಯುವ ಮಷೀನಿನ ಮುಂದೆ ಎತ್ತರದ ಸ್ಟೂಲಿನಲ್ಲಿ ಕಾರಣವಿಲ್ಲದೆ ಕೂರುವ ಹೆಂಗಸು. ಎಷ್ಟೇ ನಕ್ಕರೂ ಈ ಯೋಚನೆ ಬಿಡಲಿಲ್ಲ.

ಎರಡು ದಿನ ಕೂತಳು. ಬೆಡ್‌ಶೀಟುಗಳನ್ನು ಕೊಳೆಯಿಲ್ಲದಿದ್ದರೂ ಮತ್ತೆ ಮತ್ತೆ ಒಗೆದಳು. ಬಂತು ನೋಡಿ ಪತ್ರ! ಒಂದೇ ಹಾಳೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ಚಂದ್ರ ಮೂರು ಸಲ, ಸಮುದ್ರ ಎರಡು ಸಲ, ನಿಟ್ಟುಸಿರು ಆರು. ಹೊಡೆದು ಹಾಕಿ ತಿದ್ದಿದ್ದೇ ಹೆಚ್ಚು. ಅಚ್ಚಿನಲ್ಲಿ ಪತ್ರ ಎದ್ದು ಕಾಣಲಿ, ಬೇರೆ ಥರದ ಟೈಪಿನಲ್ಲಿ ಬರಲಿ ಎಂದು ಅದಕ್ಕೆ ಮೊದಲಿನ ಹಾಳೆಯ ಅಂಚಿನಲ್ಲಿ ಟೈಪಿಸ್ಟಿಗೆ ಒಂದು ಸೂಚನೆ ಬರೆದಳು: ‘ಪತ್ರ ಬೇರೆ ಅಕ್ಷರದಲ್ಲಿರಲಿ.’

ಪತ್ರಿಕೆಯ ಕಚೇರಿಯಿದ್ದ ಕಟ್ಟಡದ ಲಿಫ್ಟಿನ ಉಸ್ತುವಾರಿಯೂ ಗಂಡನದೇ. ಪ್ರತಿ ಬುಧವಾರ ಅಲ್ಲಿಗೆ ಹೋಗುವಾಗ ಅಧ್ಯಾಯವನ್ನು ಉಪಕರಣಗಳ ಚೀಲದಲ್ಲಿ ಹಾಕಿಕೊಂಡು ಹೋಗಿ ಕೊಟ್ಟುಬರುತ್ತಿದ್ದ. ಅಂದೂ ಕೊಟ್ಟು ಬಂದ.

ಸೋಮವಾರ ಪತ್ರಿಕೆ ಬಂತು. ಮೂವತ್ತೊಂದನೆಯ ಪುಟ ತೆರೆದಳು. ‘ಅವಳು ನಡುಗುವ ಕೈಗಳಿಂದ ಪತ್ರ ಬಿಡಿಸಿದಳು. ಅದರಲ್ಲಿ ಹೀಗಿತ್ತು’ ಎಂಬಲ್ಲಿಗೆ ಎಲ್ಲ ಸರಿ. ಮುಂದಿನದನ್ನು ಓದುತ್ತಲೇ ಅವಳ ಜೀವ ಬಾಯಿಗೆ ಬಂತು.

‘ಹತ್ತೂವರೆಗೆ ಬಂದು ನೋಡಿದೆ. ಮೇಲೆ ಹೋಗುವಾಗ ಸ್ವಲ್ಪ ನಡುಕ ಇದೆ. ಕೆಳಗೆ ಬರುವಾಗ ಇಲ್ಲ. ಬಾಗಿಲು ಒಂದೇ ಸಲಕ್ಕೆ ತೆರೆಯುವುದಿಲ್ಲ. ಕಾಯಬೇಕು, ಬಲವಂತ ಮಾಡಬಾರದು. ಹಿಂದೆ ಯಾರೋ ಬಲವಂತ ಮಾಡಿದ್ದರಿಂದಲೇ ಹೀಗಾಗಿದೆ. ಸದ್ದು ಮಾಡುತ್ತದೆ ಎಂದು ಎಲ್ಲರೂ ದೂರುತ್ತಾರೆ. ಸದ್ದು ದೋಷವಲ್ಲ, ವಯಸ್ಸು. ಭಾರ ಹೊರುವ ಶಕ್ತಿ ಮೊದಲಿನಷ್ಟೇ ಇದೆ. ಹೊಸದರ ಅಗತ್ಯ ನನಗೆ ಕಾಣುವುದಿಲ್ಲ. ಬೇರೆ ಯಾರೂ ಕೈ ಹಾಕುವುದು ಬೇಡ. ಬುಧವಾರ ಮತ್ತೆ ಬರುತ್ತೇನೆ.’

ಚಂದ್ರನಿಲ್ಲ, ಸಮುದ್ರವಿಲ್ಲ. ಯಾವುದೋ ಕಟ್ಟಡದ ಹಳೆಯ ಲಿಫ್ಟು ಅವಳ ಕಾದಂಬರಿಯ ಒಳಗೆ ನುಗ್ಗಿ ನಾಯಕಿಗೆ ಪತ್ರ ಬರೆದಿತ್ತು.

ಕಚೇರಿಗೆ ಓಡಿದಳು. ಲಿಫ್ಟಿನ ಮೇಲಿನ ಸಿಟ್ಟಿಗೆ ನಾಲ್ಕು ಮಹಡಿ ಮೆಟ್ಟಿಲು ಹತ್ತಿದಳು. ಸಂಪಾದಕರು ಇರಲಿಲ್ಲ. ಟೈಪಿಸ್ಟ್ ಹೆಂಗಸು ಮಾತ್ರ ತನ್ನ ದಪ್ಪ ಕನ್ನಡಕದೊಳಗಿಂದ ಪರದೆ ನೋಡುತ್ತ ಕೂತಿದ್ದಳು. ಹದಿನೆಂಟು ವರ್ಷಗಳಿಂದ ನಿಟ್ಟುಸಿರಮ್ಮನ ಪ್ರತಿ ಅಕ್ಷರವನ್ನೂ ಕುಟ್ಟಿದವಳು ಇವಳೇ. ಒಂದು ಸಾಲನ್ನೂ ಓದಿದವಳಲ್ಲ. ಓದಿದರೆ ಕೈ ನಿಧಾನವಾಗುತ್ತದಂತೆ.

ಏನು ಮಾಡಿದ್ದೀಯ ಎಂದು ಕೇಳಿದ್ದಕ್ಕೆ ಅವಳು ನಿಧಾನವಾಗಿ ಹಾಳೆ ಹುಡುಕಿ ತೆಗೆದು, ಅಂಚಿನ ಸೂಚನೆಯ ಮೇಲೆ ಬೆರಳಿಟ್ಟಳು.

“ಪತ್ರ ಬೇರೆ ಅಕ್ಷರದಲ್ಲಿರಲಿ ಅಂತ ನೀವೇ ಬರೆದಿದೀರ ಅಕ್ಕ. ಈ ಕಡೆ ನಿಮ್ಮ ಅಕ್ಷರ ಇತ್ತು, ಬರೀ ಗೀಚಾಟ. ಹಿಂದುಗಡೆ ಬೇರೆಯವರ ಅಕ್ಷರ ಇತ್ತು, ಒಂದೂ ತಪ್ಪಿಲ್ಲ. ಇದು ಕರಡು, ಅದು ಸರಿಯಾದ್ದು ಅಂದ್ಕೊಂಡೆ. ನಾಯಕಂದು ಅಲ್ವಾ, ಗಂಡಸರ ಹತ್ರ ಬರೆಸಿದೀರ ಅಂತ.”

ಟೈಪಿನ ಅಕ್ಷರವೂ ಅಕ್ಷರವೇ, ಕೈ ಬರಹವೂ ಅಕ್ಷರವೇ. ಇಪ್ಪತ್ತೇಳು ಕಾದಂಬರಿ ಬರೆದವಳು ಒಂದು ಶಬ್ದ ಸರಿಯಾಗಿ ಹಾಕಲಾರದೆ ಹೋಗಿದ್ದಳು. ಯಾರನ್ನು ಬೈಯುವುದು? ಮುಂದಿನ ಸಂಚಿಕೆಗೆ ಒಂದು ತಿದ್ದುಪಡಿ ಬರೆದು, ನಿಜವಾದ ಪತ್ರವನ್ನೂ ಅದಕ್ಕೆ ಲಗತ್ತಿಸಿ ಟೈಪಿಸ್ಟ್ ಕೈಗೆ ಕೊಟ್ಟು, ಕೆಂಪು ಮುಖ ಹೊತ್ತು ಮನೆಗೆ ಬಂದಳು. ಅಷ್ಟೇ, ಇನ್ನು ಗಿಡಗಳ ಕಾಲ.

ಗುರುವಾರ ಫೋನು ಬಂತು. ಸಂಪಾದಕರ ದನಿಯಲ್ಲಿ ಎಂದೂ ಕೇಳದ ಹುರುಪು. ಮೂರು ದಿನಗಳಲ್ಲಿ ಮೂವತ್ತನಾಲ್ಕು ಪತ್ರ! ಒಬ್ಬ ಹೆಂಗಸು ಆ ಸಾಲುಗಳನ್ನು ಕತ್ತರಿಸಿ ಕನ್ನಡಿಯ ಮೂಲೆಗೆ ಅಂಟಿಸಿಕೊಂಡಿದ್ದಾಳಂತೆ. ಇನ್ನೊಬ್ಬಳು ‘ಸದ್ದು ದೋಷವಲ್ಲ, ವಯಸ್ಸು’ ಎಂಬುದನ್ನು ಓದಿ ಗಂಡನ ಗೊರಕೆಯನ್ನು ಕ್ಷಮಿಸಿದ್ದಾಳಂತೆ. ಒಬ್ಬ ನಿವೃತ್ತ ಮೇಷ್ಟರು ತಾವು ಓದಿದ ಪ್ರೇಮಪತ್ರಗಳಲ್ಲೇ ಇದು ಶ್ರೇಷ್ಠ ಎಂದು, ಎಲ್ಲಿ ಓದಿದ್ದರೋ ಪುಣ್ಯಾತ್ಮರು, ಮೂರು ಪುಟ ಬರೆದಿದ್ದರಂತೆ.

“ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ ಮೇಡಂ?”

ಹೇಳಬೇಕಾದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿಂದ ಬಂದದ್ದು ಬೇರೆ. “ಒಳಗೇ ಇತ್ತು,” ಎಂದುಬಿಟ್ಟಳು. ಸುಳ್ಳೇನಲ್ಲ, ಹಾಳೆಯ ಒಳಮೈಯಲ್ಲೇ ಇತ್ತು. ಫೋನಿಟ್ಟ ಮೇಲೆ ಟೈಪಿಸ್ಟಿಗೆ ಇನ್ನೊಂದು ಫೋನು ಮಾಡಿ ತಿದ್ದುಪಡಿ ಹರಿದು ಹಾಕಲು ಹೇಳಿದಳು. ನಾನು ಓದೋದೂ ಇಲ್ಲ, ಹೇಳೋದೂ ಇಲ್ಲ ಎಂದು ಆ ಕಡೆಯಿಂದ ಭರವಸೆ ಬಂತು.

ಉಳಿದ ಮೂರು ಅಧ್ಯಾಯಗಳಲ್ಲೂ ನಾಯಕನ ಪತ್ರ ಇರಲೇಬೇಕು ಎಂದು ಸಂಪಾದಕರ ಅಪ್ಪಣೆ. ಇದ್ದರೆ ಮೂವತ್ತೊಂದನೆಯ ಪುಟ ಅವಳದೇ, ಮುಂದಿನ ಕಾದಂಬರಿಗೂ.

ಹೀಗೆ ಪ್ರೇಮದ ಸಾಮ್ರಾಜ್ಞಿ ಕಳ್ಳಿಯಾದಳು. ಬಳಸಿದ ಹಾಳೆಗಳೆಲ್ಲ ಕಚೇರಿ ಸೇರಿ ಎಂದೋ ರದ್ದಿಯಾಗಿದ್ದವು. ಇನ್ನೂ ಬಳಸದ ಕಟ್ಟು ಮಾತ್ರ ಕಪಾಟಿನಲ್ಲಿತ್ತು. ಗಂಡ ಕೆಲಸಕ್ಕೆ ಹೋದ ಮೇಲೆ ನೆಲದ ಮೇಲೆ ಹರಡಿಕೊಂಡು, ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ಬರೆದದ್ದನ್ನು ಓದಿದಳು. ಬಹಳಷ್ಟರಲ್ಲಿ ‘ಎಣ್ಣೆ ಹಾಕಿದೆ, ಸರಿಯಿದೆ’ ಎಂದಷ್ಟೇ ಇತ್ತು. ಎಷ್ಟೇ ಧೈರ್ಯದ ಲೇಖಕಿಯಾದರೂ ನಾಯಕನ ಕೈಯಲ್ಲಿ ಎಣ್ಣೆ ಹಾಕಿಸಲಾರಳು. ಹುಡುಕಿ ಹುಡುಕಿ ಎರಡು ಸಿಕ್ಕವು. ಒಂದು ಲಿಫ್ಟಿನೊಳಗಿನ ಒಡೆದ ಕನ್ನಡಿಯದು. ಇನ್ನೊಂದು ಹೀಗಿತ್ತು: ‘ನಡುವೆ ನಿಂತುಹೋಗಿತ್ತು. ಒಳಗಿದ್ದವರು ಹೆದರಿದ್ದರು. ಹೊರಗಿನಿಂದ ಮಾತಾಡುತ್ತಾ ಇದ್ದೆ, ಏನು ಮಾತಾಡಿದೆನೋ ನೆನಪಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಅವರು ಏನೂ ಹೇಳದೆ ಹೋದರು. ಅದೇನೂ ತೊಂದರೆಯಿಲ್ಲ.’

ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ಅವು ಹೋದವು. ಪತ್ರಗಳ ಮಳೆ ಸುರಿಯಿತು. ಆ ಮುಕ್ಕಾಲು ಗಂಟೆಯ ಪತ್ರವನ್ನು ಅವಳೇ ಸ್ಟೂಲಿನ ಮೇಲೆ ಕೂತು ಎರಡು ಸಲ ಓದಿದ್ದಳು. ಮಷೀನು ಬಟ್ಟೆ ಹಿಂಡಿ ಮುಗಿಸಿ ಕೂಗಿಕೊಂಡರೂ ಎದ್ದಿರಲಿಲ್ಲ.

ಕೊನೆಯ ಅಧ್ಯಾಯಕ್ಕೆ ಏನೂ ಉಳಿದಿರಲಿಲ್ಲ. ಸರಿ, ತಾನೇ ಅವನ ಹಾಗೆ ಬರೆದರಾಯಿತು, ಇದೇನು ಬ್ರಹ್ಮವಿದ್ಯೆಯೇ ಎಂದು ಕೂತಳು. ‘ಬಂದು ನೋಡಿದೆ’ ಎಂದು ಬರೆದಳು. ನೋಡಿದ್ದೇನು? ಪೆನ್ನು ತಾನಾಗಿ ಓಡಿತು: ‘ಬಂದು ನೋಡಿದೆ, ಬೆಳದಿಂಗಳಲ್ಲಿ ಮಿಂದ ನಿನ್ನ ನೀಳ ಕೊರಳನ್ನು.’ ಹೊಡೆದು ಹಾಕಿದಳು. ‘ಬಾಗಿಲು ಮುಚ್ಚಿತ್ತು’ ಎಂದಳು. ಅಷ್ಟಕ್ಕೇ ಬಿಡಬಾರದೇ? ‘ನನ್ನ ಹೃದಯದಂತೆ’ ಎಂದು ಬಾಲ ಅಂಟಿಕೊಂಡಿತು. ಏಳು ಹಾಳೆ ಹಾಳಾದ ಮೇಲೆ ಎಂಟನೆಯದನ್ನು ಅತ್ತೆಗೆ ಓದಿದಳು. ಅತ್ತೆ ಕಿವಿ ಮುಂದೆ ತಂದು ಕೇಳಿ, ಬೇಜಾರಿನಿಂದ ಹಿಂದಕ್ಕೆ ಒರಗಿದರು.

“ಇದು ನಿಂದು. ಯಾಕೆ, ಇವನಿಗೆ ಮತ್ತೆ ಕೆಲಸ ಹೋಯ್ತಾ?”

ಇನ್ನು ಇದ್ದದ್ದು ಒಂದೇ ದಾರಿ. ಸಂಜೆ ಗಂಡ ಕೈ ತೊಳೆಯುತ್ತಿದ್ದಾಗ ಹಿಂದೆ ನಿಂತು, ಟವೆಲ್ಲನ್ನು ಹಿಂಡುತ್ತಾ, ಒಂದು ಪತ್ರ ಬರೆದುಕೊಡಬೇಕು ಎಂದಳು. ಕಥೆಗೆ. ಒಬ್ಬ ಗಂಡಸು ತನಗೆ ಬೇಕಾದವಳಿಗೆ ಬರೆಯುವ ಪತ್ರ. ಏನಾದರೂ ಸರಿ, ಮನಸ್ಸಿಗೆ ಬಂದದ್ದು. ಅವನು ಅವಳ ಕೈಯಿಂದ ಟವೆಲ್ಲು ತೆಗೆದುಕೊಂಡು ಕೈ ಒರೆಸಿಕೊಳ್ಳುತ್ತ, ಆಗಲಿ ಎಂದ.

ಎರಡು ದಿನ ತೆಗೆದುಕೊಂಡ. ಮೇಜಿನ ಮೇಲಿನ ನಟ್ಟು ಬೋಲ್ಟುಗಳನ್ನೆಲ್ಲ ಸರಿಸಿ ಜಾಗ ಮಾಡಿಕೊಂಡ. ಕೂರುವ ಮುಂಚೆ ಉಗುರು ಉಜ್ಜಿ ಉಜ್ಜಿ ತೊಳೆದ. ಅವಳು ಬಾಗಿಲ ಸಂದಿಯಿಂದ ಆ ಬೋಳು ನೆತ್ತಿ ಹಾಳೆಯ ಮೇಲೆ ಬಗ್ಗಿದ್ದನ್ನು ನೋಡಿದಳು. ಅವಳ ಎದೆ ಯಾವ ನಾಯಕಿಯ ಎದೆಯೂ ಹೊಡೆದುಕೊಳ್ಳದಷ್ಟು ಹೊಡೆದುಕೊಂಡಿತು. ಮೂರನೆಯ ದಿನ ಬೆಳಿಗ್ಗೆ ಹಾಳೆಯನ್ನು ಮಡಚಿ ಅವಳ ಕೈಗಿತ್ತು, ಅವಳು ಓದುವಾಗ ಕಿಟಕಿಯ ಕಡೆ ನೋಡುತ್ತ ನಿಂತ.

‘ಓ ನನ್ನ ಹೃದಯ ಸಾಮ್ರಾಜ್ಞಿಯೇ! ಬೆಳದಿಂಗಳು ನಿನ್ನ ಕೆನ್ನೆಯ ಮೇಲೆ ಜಾರಿದಾಗ ಸಂಜೆಯ ಗಾಳಿಯೂ ನಿಟ್ಟುಸಿರಿಟ್ಟಿತು. ನನ್ನ ಕುದುರೆಯೂ...’

ಅವಳು ಮತ್ತೆ ಮೊದಲಿನಿಂದ ಓದಿದಳು. ಇದು ಅವಳ ಮೂರನೆಯ ಕಾದಂಬರಿ. ಮುಂದಿನ ಸಾಲು ಒಂಬತ್ತನೆಯದು. ಸಮುದ್ರ ಹದಿನಾರನೆಯದರಿಂದ ಬಂದಿತ್ತು.

“ಇದು ನಂದೇ ಅಲ್ವೇನ್ರೀ?”

“ಹೂಂ. ನೆನಪಿದ್ದಷ್ಟು ಬರೆದೆ. ಸಮುದ್ರದ್ದು ಸ್ವಲ್ಪ ಹೆಚ್ಚು ಕಡಿಮೆ ಇರಬಹುದು.”

ಅವನು ಇಪ್ಪತ್ತೇಳನ್ನೂ ಓದಿದ್ದ. ಕಟ್ಟಡಗಳ ತುದಿಯಲ್ಲಿ, ಲಿಫ್ಟಿನ ಯಂತ್ರವಿಡುವ ಕೋಣೆಗಳಲ್ಲಿ, ಮೋಟಾರು ತಣ್ಣಗಾಗಲಿ ಎಂದು ಕಾಯುವ ಹೊತ್ತಿನಲ್ಲಿ, ವರ್ಷಕ್ಕೊಂದರಂತೆ, ಒಮ್ಮೊಮ್ಮೆ ಎರಡರಂತೆ. ಎಂದೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಪ್ರೀತಿ ಎಂದರೆ ಹೀಗೆ ಬರೆಯಬೇಕು, ತನಗೆ ಅದು ಬರುವುದಿಲ್ಲ, ಅದಕ್ಕೇ ಅವಳ ಪುಸ್ತಕದಿಂದಲೇ ತೆಗೆದೆ ಎಂದು ಸ್ವಲ್ಪ ಸಂಕೋಚದಿಂದಲೇ ವಿವರಿಸಿದ. ಈ ಮನುಷ್ಯನನ್ನು ತಾನೇ ಕೈಯಾರೆ ಕೆಡಿಸಿದೆ ಎಂದು ಅವಳಿಗೆ ಆಗ ತಿಳಿಯಿತು.

“ಹಾಗಾದ್ರೆ ಈ ತಿಂಗಳ ಪತ್ರಗಳು? ಅದನ್ನೂ ಓದಿದ್ರಾ?”

“ಓದಿದೆ. ಮೊದಲನೇದು ಹಳೆ ಆಸ್ಪತ್ರೆ ಲಿಫ್ಟು.”

“ಮತ್ತೆ ಯಾಕೆ ಸುಮ್ಮನಿದ್ರಿ?”

“ಏನೋ ಕಾರಣಕ್ಕೆ ಹಾಕಿರ್ತೀಯ ಅಂದ್ಕೊಂಡೆ. ನೀನು ಬರೆಯೋಳು. ನಂಗೇನು ಗೊತ್ತಾಗುತ್ತೆ?” ಎಂದು ಚೀಲ ಹೆಗಲಿಗೇರಿಸಿದ. ಬಾಗಿಲಲ್ಲಿ ನಿಂತು ಮತ್ತೆ ಹೇಳಿದ, “ಎರಡನೇದರಲ್ಲಿ ಬ್ರೇಕಿನ ವಿಷಯ ಬಿಟ್ಟುಹೋಗಿತ್ತು. ಯಾರಾದ್ರೂ ತಿಳಿದೋರು ಓದಿದ್ರೆ ತಪ್ಪು ತಿಳ್ಕೋತಾರೆ.”

ಅವನು ಹೋದ ಮೇಲೆ ಅವಳು ಮಷೀನನ್ನು ಶುರು ಮಾಡಲಿಲ್ಲ. ಕಪಾಟಿನ ತಳದಿಂದ ಹಳೆಯ ಫೈಲು ತೆಗೆದಳು. ಅದರೊಳಗೆ ಅವಳ ಮೊದಲ ಕಥೆ, ಒಂದೇ ಕೊಡೆಯದು, ಹಳದಿಯಾಗಿತ್ತು. ಮೊದಲ ಪ್ಯಾರಾದಲ್ಲೇ ಮೂರು ನಿಟ್ಟುಸಿರು. ಹಾಳೆಯನ್ನು ಮಗುಚಿದಳು. ದುಂಡು ಅಕ್ಷರ. ಹತ್ತಕ್ಕೇ ಬಂದು ನಿಂತಿರುತ್ತೇನೆ.

ಇದನ್ನು ಹಾಗೇ ಎತ್ತಿ ಅಚ್ಚಿಗೆ ಕೊಟ್ಟರೆ ಇನ್ನೂರು ಪತ್ರ ಖಂಡಿತ. ಕೈ ಅಂಚಿಗೂ ಹೋಗಿತ್ತು, ‘ಬೇರೆ ಅಕ್ಷರ’ ಎಂದು ಬರೆಯಲು. ಆದರೆ ಬರೆಯಲಾಗಲಿಲ್ಲ. ಅದು ನಾಯಕಿಗೆ ಬಂದ ಪತ್ರವಲ್ಲ, ತನಗೆ ಬಂದದ್ದು. ಮೂವತ್ತು ವರ್ಷ ತಡವಾಗಿಯಾದರೂ ಈಗಷ್ಟೇ ಕೈ ಸೇರಿತ್ತು. ಅದನ್ನು ಕನ್ನಡಿಯ ಮೂಲೆಗೆ ಅಂಟಿಸಿಕೊಳ್ಳಲು ಇನ್ನೊಬ್ಬಳಿಗೆ ಕೊಡಲು ಅವಳೇನು ಅಷ್ಟು ಉದಾರಿಯಲ್ಲ.

ಹಾಳೆಯನ್ನು ಫೈಲಿನಲ್ಲಿಟ್ಟು, ಎರಡೂ ಕಡೆ ಖಾಲಿಯಿರುವ ಹೊಸ ಹಾಳೆ ತೆಗೆದಳು. ಅಂಗಡಿಯಿಂದ ತಂದದ್ದು, ಹಿಂಬದಿಯಲ್ಲಿ ಯಾರೂ ಇಲ್ಲದ್ದು. ಮಷೀನು ಸುಮ್ಮನಿತ್ತು. ಕೊನೆಯ ಅಧ್ಯಾಯದಲ್ಲಿ ನಾಯಕ ಪತ್ರ ಬರೆಯಲಿಲ್ಲ. ಕಪ್ಪು ಕಾರು ಗ್ಯಾರೇಜಿನಲ್ಲಿತ್ತು. ಅವನು ಬಸ್ಸು ನಿಲ್ಲುವ ಜಾಗದಲ್ಲಿ ಎರಡು ಕೊಡೆ ಹಿಡಿದುಕೊಂಡು ಒಬ್ಬನೇ ನಿಂತಿದ್ದ. ಹತ್ತು ಗಂಟೆಗೆ ಬಂದ. ಹತ್ತೂವರೆಗೆ ಚಹಾದವನು ಎರಡನೇ ಸಲ ಬೇಕಾ ಎಂದು ಕೇಳಿದ. ಹನ್ನೊಂದಾಯಿತು. ಮಳೆ ಶುರುವಾಯಿತು. ಹನ್ನೊಂದು ನಲವತ್ತಕ್ಕೆ ಬಸ್ಸು ಬಂತು, ಬಾಗಿಲು ತೆರೆಯಿತು, ಅವಳು ಇಳಿದಳು. ಅವನು ಒಂದು ಕೊಡೆಯನ್ನು ಚಾಚಿದ. ಅಲ್ಲಿಗೆ ಮುಗಿಸಿದಳು. ನಿಜಕ್ಕೂ ಆ ದಿನ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಗಂಡ ಇಡೀ ದಿನ ಎರಡು ಕೊಡೆಗಳನ್ನು ತೋಳಿಗೆ ನೇತುಹಾಕಿಕೊಂಡು ಓಡಾಡಿದ್ದ. ಅಷ್ಟು ಸುಳ್ಳು ಹೇಳಲು ಕಾದಂಬರಿಕಾರ್ತಿಗೆ ಹಕ್ಕಿದೆ.

ಸಂಜೆ ನಾಲ್ಕಕ್ಕೆ ಅತ್ತೆಗೆ ಓದಿದಳು. ಕೂಗಿಯೇ ಓದಿದಳು, ಆದರೆ ಎದುರುಮನೆಯ ಕಿಟಕಿ ತೆರೆದೇ ಇತ್ತು. ಅತ್ತೆ ಲೋಟ ಕೆಳಗಿಟ್ಟು, ಇವತ್ತು ಅವನು ಕೆಲಸಕ್ಕೆ ರಜೆ ಹಾಕಿರಬೇಕು ಅಲ್ಲವೇ ಎಂದರು. ಕೆಲಸ ಇದೆ ಎಂದು ಒಪ್ಪಿಕೊಂಡ ಹಾಗಾಯಿತು.

ಬುಧವಾರ ಅವಳೇ ಗಂಡನ ಜೊತೆ ಹೋದಳು. ಅವನು ನೆಲಮಾಳಿಗೆಗೆ ಹೋದ, ಅವಳು ನಾಲ್ಕನೆಯ ಮಹಡಿಗೆ. ಸಂಪಾದಕರ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು: ಆ ಮೂರು ಪತ್ರಗಳು ತನ್ನವಲ್ಲ, ಲಿಫ್ಟುಗಳ ವರದಿ, ಈ ಅಧ್ಯಾಯ ತನ್ನದು, ಇದರಲ್ಲಿ ಪತ್ರವೇ ಇಲ್ಲ, ಬೇಡವಾದರೆ ಗಿಡ ನೆಡಿ. ಸಂಪಾದಕರು ಕನ್ನಡಕ ತೆಗೆದು ಒರೆಸತೊಡಗಿದರು. ಹಾಗಾದರೆ ಮುಂದಿನ ಕಾದಂಬರಿಯನ್ನು ನಿಮ್ಮವರಿಂದಲೇ ಬರೆಸ್ತೀರಾ ಎಂದು ಕೇಳಿದರು. ಅವಳು ಚೀಲದಿಂದ ‘ಓ ನನ್ನ ಹೃದಯ ಸಾಮ್ರಾಜ್ಞಿಯೇ’ಯನ್ನು ತೆಗೆದು ಮೇಜಿನ ಮೇಲಿಟ್ಟಳು. ಅವರು ನಾಲ್ಕು ಸಾಲು ಓದಿ, ಮತ್ತೆ ಆ ಮಾತು ಎತ್ತಲಿಲ್ಲ. ಅಧ್ಯಾಯದ ಹಾಳೆಗಳನ್ನೂ ಓದಲಿಲ್ಲ. ಮೊದಲು ಟೈಪಾಗಲಿ, ಅಚ್ಚಾದ ಹಾಗೆ ಕಂಡರೇ ತಿಳಿಯುತ್ತದೆ ಎಂದು ಟೈಪಿಸ್ಟ್ ಕೈಗೆ ಕಳಿಸಿದರು.

ಇಬ್ಬರೂ ಕಾಯುತ್ತ ಕೂತರು. ಪಕ್ಕದ ಕೋಣೆಯಿಂದ ಕುಟ್ಟುವ ಸದ್ದು ಎಂದಿನಂತೆ ಒಂದೇ ಸಮನೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ಸಂಪಾದಕರು ತಲೆಯೆತ್ತಿ ಗೋಡೆಯ ಕಡೆ ನೋಡಿದರು. ಹದಿನೆಂಟು ವರ್ಷಗಳಲ್ಲಿ ಆ ಸದ್ದು ನಡುವೆ ನಿಂತದ್ದನ್ನು ಯಾರೂ ಕೇಳಿರಲಿಲ್ಲ. ಟೈಪಿಸ್ಟ್ ಹೆಂಗಸು ಬಾಗಿಲಲ್ಲಿ ಬಂದು ನಿಂತಳು, ಕನ್ನಡಕ ಹಣೆಯ ಮೇಲೆ.

“ಅಕ್ಕ, ಒಂದು ಹಾಳೆ ಕಡಿಮೆ ಇದೆ ಅನ್ಸುತ್ತೆ. ಅವಳು ಆ ಕೊಡೆ ಬಿಚ್ಚಿದ್ಲಾ, ಇಲ್ಲಾ ಅವನ ಕೊಡೆ ಒಳಗೇ ಹೋದ್ಲಾ?”

ಸಂಪಾದಕರು ಕನ್ನಡಕ ಹಾಕಿಕೊಂಡರು. ಮೂವತ್ತೊಂದು ಹಾಗೇ ಇರಲಿ, ಗಿಡಗಳಿಗೆ ಮೂವತ್ತಮೂರು ಕೊಟ್ಟರಾಯಿತು ಎಂದು ಯಾರಿಗೋ ಎಂಬಂತೆ ಹೇಳಿ, ಕೆಂಪು ಪೆನ್ನು ಹುಡುಕತೊಡಗಿದರು.

ಅಧ್ಯಾಯ ಅಚ್ಚಾಗಿ ಬಂದ ದಿನ ಗಂಡ ಮೇಜಿನ ಬಳಿ, ಬೋಲ್ಟುಗಳ ನಡುವೆ, ಮೊದಲ ಸಲ ಮನೆಯಲ್ಲೇ ಕೂತು ಅವಳ ಎದುರಿಗೆ ಓದಿದ. ಅವಳು ಮಷೀನಿಗೆ ಬಟ್ಟೆ ತುಂಬುವವಳಂತೆ ನಟಿಸುತ್ತ, ಒಂದೇ ಟವೆಲ್ಲನ್ನು ಮೂರು ಸಲ ಒಳಗೆ ಹಾಕಿ ಹೊರಗೆ ತೆಗೆದಳು. ಅವನು ಕೊನೆಯ ಸಾಲಿನವರೆಗೂ ಹೋಗಿ, ಸ್ವಲ್ಪ ಹಿಂದಕ್ಕೆ ಬಂದು, ಒಂದು ಕಡೆ ಬೆರಳಿಟ್ಟ.

ಅಲ್ಲಿ ಒಂದು ನಿಟ್ಟುಸಿರು ಉಳಿದುಬಿಟ್ಟಿತ್ತು. ಇಡೀ ಅಧ್ಯಾಯಕ್ಕೆ ಒಂದೇ. ಎಷ್ಟು ಹೊಡೆದು ಹಾಕಿದರೂ ಅವಳಿಂದ ತಡೆಯಲಾಗಿರಲಿಲ್ಲ. ‘ಬಸ್ಸು ನಿಟ್ಟುಸಿರು ಬಿಟ್ಟು ನಿಂತಿತು’ ಎಂದಿತ್ತು.

“ಇದು ಏರ್ ಬ್ರೇಕು,” ಎಂದ ಅವನು. ಯೋಚಿಸಿ ಮತ್ತೆ ಹೇಳಿದ, “ಇರ್ಲಿ ಬಿಡು. ಸದ್ದು ದೋಷ ಅಲ್ಲ.”